ಮಂಗಳಜ್ಜಿಯ ಶನಿವಾರ

ಮೇಲುನಾಲೆ ಬಡಾವಣೆ, ಮಂಡ್ಯ
ಶುಕ್ರವಾರ, ಫೆಬ್ರವರಿ ಮೂವತ್ತು, ಇಸವಿ 2291

ಪೂಜ್ಯ ಮಂಗಳಜ್ಜಿಯವರಿಗೆ, ನಿಮ್ಮ ವಂಶದ ಒಂಬತ್ತನೆಯ ತಲೆಯವಳಾದ ಚಿಕ್ಕತಾಯಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಯಾರೋ ತಲೆಕೆಟ್ಟವಳು ಬರೆದಿದ್ದಾಳೆ ಅಂತ ಈ ಕಾಗದವನ್ನು ಹರಿದು ಹಾಕಬೇಡಿ. ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ನೂರು ವರ್ಷದ ಹಿಂದೆಯೇ ತಿಂಗಳುಗಳನ್ನೆಲ್ಲ ಸಮ ಮಾಡಿ, ಉಳಿದ ಐದು ದಿನಗಳನ್ನು ವರ್ಷದ ಕೊನೆಗೆ ಹಬ್ಬಕ್ಕೆಂದು ಬಿಟ್ಟಿದ್ದಾರೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಕ್ಷಮಿಸಿ, ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಹಳೆಯ ಮದುವೆ ಕಾಗದಗಳನ್ನು ಓದಿ. ಇದು ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಅಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆ. ಒಬ್ಬರಿಗೆ ಜನ್ಮಕ್ಕೆ ಒಂದೇ ಕಾಗದ. ಜನ ಅದನ್ನು ಸತ್ತ ತಾಯಿಗೆ, ಸಿಗದೇ ಹೋದ ಗೆಳೆಯನಿಗೆ ಬರೆಯುತ್ತಾರೆ. ನಾನು ಅರವತ್ತೊಂದು ವರ್ಷ ಜೋಪಾನ ಮಾಡಿಟ್ಟುಕೊಂಡಿದ್ದ ನನ್ನ ಕಾಗದವನ್ನು ಇವತ್ತು ನಿಮಗೆ ಬರೆಯುತ್ತಿದ್ದೇನೆ, ಯಾಕೆಂದರೆ ಮೊನ್ನೆಯಿಂದ ನನಗೆ ನೆಟ್ಟಗೆ ಉಸಿರಾಡಲು ಆಗುತ್ತಿಲ್ಲ.

ಅಜ್ಜೀ, ನೀವು ಶವರ್ಮ ತಿಂದಿರಾ? ಕೋಳಿಯದ್ದು? ಶನಿವಾರ?

ಕೇಳಿಬಿಟ್ಟೆ. ಹೇಗೆ ಕೇಳಬೇಕು ಅಂತ ಎರಡು ದಿನ ಯೋಚಿಸಿದೆ. ಈ ಕಾಗದ ಕೈಸೇರುವ ಹೊತ್ತಿಗೆ ವಯಸ್ಸಿನಲ್ಲಿ ನೀವು ನನಗಿಂತ ಒಂಬತ್ತು ವರ್ಷ ಚಿಕ್ಕವರು, ವಂಶದಲ್ಲಿ ಒಂಬತ್ತು ತಲೆ ದೊಡ್ಡವರು. ಬೈಯುವುದೂ ಕಷ್ಟ, ಕಾಲಿಗೆ ಬೀಳುವುದೂ ಕಷ್ಟ.

ನೀವು ನಮಗೆ ಏನಾಗಿದ್ದೀರಿ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ, ಆಮೇಲೆ ನನ್ನ ಹೊಟ್ಟೆಯುರಿ ನಿಮಗೇ ತಿಳಿಯುತ್ತದೆ. ನಮ್ಮ ಪಡಸಾಲೆಯಲ್ಲಿ ನಿಮ್ಮ ದೊಡ್ಡ ಪಟ ಇದೆ. ಮಹಡಿಯ ಮೇಲೆ ಬೆತ್ತದ ಕುರ್ಚಿ, ಅರ್ಧ ಮುಚ್ಚಿದ ಕಣ್ಣು, ಹೊಟ್ಟೆಯ ಮೇಲೆ ಬಲಗೈ. ನಿಮ್ಮ ಮಗ ಒಂದು ಶನಿವಾರ ಸಂಜೆ ತೆಗೆದ ಫೋಟೋ ಅದು. ಶನಿವಾರ ಮುಸ್ಸಂಜೆ ಊಟ ಬಿಟ್ಟು, ಬಾಯಿಗೆ ಒಂದು ಲವಂಗ ಹಾಕಿಕೊಂಡು, ಮನೆಯವರಿಂದ ದೂರ ಮಹಡಿಗೆ ಹೋಗಿ ಒಂದು ಗಂಟೆ ಸುಮ್ಮನೆ ಕೂರುತ್ತಿದ್ದ ಮಹಾತಾಯಿ ಅಂತ ನಿಮ್ಮನ್ನು ಎಂಟು ತಲೆಮಾರು ಹೊಗಳಿದೆ. ನಾವೂ ಹಾಗೇ ಮಾಡುತ್ತೇವೆ. ಪ್ರತಿ ಶನಿವಾರ ಮುಸ್ಸಂಜೆ ಮನೆಮಂದಿಯೆಲ್ಲ ಮಹಡಿ ಹತ್ತಿ, ಲವಂಗ ಬಾಯಲ್ಲಿಟ್ಟು, ಬಲಗೈ ಹೊಟ್ಟೆಯ ಮೇಲಿಟ್ಟು, ಕಣ್ಣು ಅರ್ಧ ಮುಚ್ಚಿ ಕೂರುತ್ತೇವೆ. ಪೂರ್ತಿ ಮುಚ್ಚಿದರೆ ನಮ್ಮ ತಾಯಿ ತೊಡೆಗೆ ಚಿವುಟುತ್ತಿದ್ದಳು. ವರ್ಷಕ್ಕೊಮ್ಮೆ ವಂಶದವರೆಲ್ಲ, ಇನ್ನೂರು ಜನ, ಒಟ್ಟಿಗೆ ಕೂರುತ್ತೇವೆ. ಲವಂಗ ಹಂಚುವವಳು ಮನೆಯ ಹಿರಿಯಳು. ಇಪ್ಪತ್ತೆರಡು ವರ್ಷದಿಂದ ಆ ಹಿರಿಯಳು ನಾನು.

ನಿಮ್ಮ ಕಾಲದಲ್ಲಿ ಒಂದು ಹೊತ್ತು ಬಿಡುವುದು ದೊಡ್ಡ ಮಾತಲ್ಲದಿರಬಹುದು. ನಮಗೆ ದೊಡ್ಡದೇ. ಬೆಳಿಗ್ಗೆ ಒಂಬತ್ತರ ಮೇಲೆ ಇಲ್ಲಿ ಬಿಸಿಲಿಗೆ ಮುಖ ಕೊಡಲು ಆಗುವುದಿಲ್ಲ. ಬೀದಿಗಳಿಗೆಲ್ಲ ನೆರಳು ಹೊದಿಸಿದ್ದಾರೆ, ಆದರೂ ನಾಯಿಗಳು ಸಹ ಹೊರಗೆ ಬರುವುದಿಲ್ಲ. ನಸುಕಿನಲ್ಲಿ ದುಡಿಯುತ್ತೇವೆ, ಹಗಲೆಲ್ಲ ನೆಲಮನೆಯಲ್ಲಿ, ಅಂದರೆ ಮನೆಯ ಕೆಳಗೆ ತೋಡಿದ ತಂಪು ಕೋಣೆಯಲ್ಲಿ, ನಿದ್ದೆ ಮಾಡುತ್ತೇವೆ. ಒಲೆ ಹಚ್ಚುವುದೇ ಸಂಜೆ. ದಿನಕ್ಕೆ ಅದೊಂದೇ ಹೊಟ್ಟೆ ತುಂಬಾ ಊಟ. ನಾಲೆಯ ದಂಡೆಯಲ್ಲಿ ಬೀದಿಯವರೆಲ್ಲ ಮುದ್ದೆ ತಟ್ಟೆ ಹಿಡಿದು ಕೂತಿರುವಾಗ, ಬಸ್ಸಾರಿನ ಒಗ್ಗರಣೆ ಮೂಗಿಗೆ ಬಡಿಯುತ್ತಿರುವಾಗ, ನಾವು ಮಹಡಿಯ ಮೇಲೆ ಲವಂಗ ಕಚ್ಚಿಕೊಂಡು ಕೂರುತ್ತೇವೆ. ನನಗೆ ಏಳು ವರ್ಷವಿದ್ದಾಗ ಹಸಿವಿಗೆ ಅತ್ತಿದ್ದೆ. ಮಂಗಳಜ್ಜಿ ಅತ್ತಿದ್ರಾ ಅಂತ ಕೇಳಿದ್ದರು.

ಇಲ್ಲ, ಮಂಗಳಜ್ಜಿ ಅತ್ತಿರಲಿಲ್ಲ. ಈಗ ಗೊತ್ತಾಯಿತು ಯಾಕೆ ಅಂತ.

ನಾಳೆ ವರ್ಷದ ಕೂಟ. ಈ ಸಲ ನಿಮ್ಮ ದನಿಯನ್ನೇ ಎಲ್ಲರಿಗೂ ಕೇಳಿಸೋಣ ಅಂತ ನನಗೆ ಹುಚ್ಚು ಹತ್ತಿತು. ನಮ್ಮೂರಲ್ಲಿ ದನಿಮನೆ ಅಂತ ಒಂದಿದೆ, ನಿಮ್ಮ ಕಾಲದ ಕೆಟ್ಟುಹೋದ ಫೋನುಗಳ ಹೊಟ್ಟೆಯಿಂದ ದನಿ ತೆಗೆದುಕೊಡುತ್ತಾರೆ. ಪಟದ ಹಿಂದೆ ಒಂದು ಡಬ್ಬಿಯಲ್ಲಿ ನಿಮ್ಮ ಫೋನಿತ್ತು, ಅರಿಶಿನ ಕುಂಕುಮ ಹಚ್ಚಿ ಹಚ್ಚಿ ತೂತೆಲ್ಲ ಮುಚ್ಚಿಹೋಗಿತ್ತು. ಮೊನ್ನೆ ತೆಗೆದುಕೊಂಡು ಹೋದೆ. ದನಿಮನೆಯ ಹೆಂಗಸು ಶುಚಿಮಾಡಿ, ನನ್ನನ್ನು ಒಂದು ಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕಿದಳು. ನಾನು ಸೆರಗು ಹೊದ್ದುಕೊಂಡು ಕೈ ಮುಗಿದು ಕೂತೆ. ನಿಮ್ಮ ದನಿ ಬಂತು, ನಿಮ್ಮ ಗೆಳತಿ ಪದ್ಮಿನಿಯವರಿಗೆ ಕಳಿಸಿದ್ದು.

"ಲೇ ಪದ್ದೀ, ಇವತ್ತೂ ತಿಂದ್ಬುಟ್ಟೆ ಕಣೇ. ಒಂದೇ ಸಾಕು ಅಂತ್ಲೇ ಹೋಗಿದ್ದು. ಇಲಿಯಾಸಣ್ಣ ಆ ಕೋಳಿನ ತಿರುಗುಸ್ತಾ ತಿರುಗುಸ್ತಾ ಹಂಗೇ ಸಣ್ಣಗೆ ಹೆರೀತಿದ್ರೆ ತಡ್ಕಳಕ್ಕಾಯ್ತದಾ? ಎರಡು ತಿಂದೆ. ಮಯೋನೀಸ್ ಜಾಸ್ತಿ ಹಾಕುಸ್ಕಂಡು. ಶನಿವಾರ ಕಣೇ! ನಮ್ಮತ್ತೆ ಆ ಕಡೆ ಹನುಮಂತರಾಯನ ಗುಡೀಗ್ ಹೋದ್ರು, ನಾನು ಈ ಕಡೆ ಸೀರೆ ಫಾಲ್ಸ್ ಹಾಕುಸ್ಕಂಡ್ ಬತ್ತೀನಿ ಅಂತ ಹೊಂಟೆ. ಒಂದೇ ಸೀರೆಗೆ ಆರು ತಿಂಗಳಿಂದ ಫಾಲ್ಸ್ ಹಾಕುಸ್ತಾ ಇವ್ನಿ!"

ಆಮೇಲೆ ನೀವು ನಕ್ಕಿರಿ. ಅಯ್ಯೋ ನನ್ನ ಹೆತ್ತವ್ವ, ಆ ನಗು! ನಾನು ಕೈ ಮುಗಿದುಕೊಂಡೇ ಇದ್ದೆ, ಇಳಿಸಲು ಮರೆತುಹೋಗಿತ್ತು.

ಒಟ್ಟು ಹದಿನಾರು ದನಿಗಳು, ಎಲ್ಲವೂ ಶನಿವಾರದ್ದು. ಲವಂಗ ಯಾಕೆ? ಬೆಳ್ಳುಳ್ಳಿ ವಾಸನೆ ನಿಮ್ಮತ್ತೆಯವರ ಮೂಗಿಗೆ ಹೋಗದಿರಲಿ ಅಂತ. ಮಹಡಿ ಯಾಕೆ? ಸೀರೆಗೆ ಹತ್ತಿದ ಹೊಗೆ ಗಾಳಿಗೆ ಹೋಗಲಿ ಅಂತ. ಹೊಟ್ಟೆಯ ಮೇಲೆ ಕೈ ಯಾಕೆ ಅಂತ ನೀವೇ ಪದ್ಮಿನಿಯವರಿಗೆ ವಿವರವಾಗಿ ಹೇಳಿದ್ದೀರಿ, ಅದನ್ನು ನಾನು ಬರೆಯಲಾರೆ, ಹಿರಿಯಳಾಗಿ ನನಗೂ ಒಂದು ಮರ್ಯಾದೆ ಇದೆ. ಎರಡು ರೋಲು ಇಳಿಯದೆ ಕಣ್ಣು ಅರ್ಧ ಮುಚ್ಚಿ ಒದ್ದಾಡುತ್ತಿದ್ದ ನಿಮ್ಮ ಪಟದ ಕೆಳಗೆ ನಾವು ನಮ್ಮ ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸಿದ್ದೇವೆ!

ಇನ್ನೊಂದು ಆಘಾತವೂ ಇದೆ. ನಾವು ತಿನ್ನುವುದು ತೊಟ್ಟಿಮಾಂಸ, ಗದ್ದೆಯಲ್ಲಿ ಪೈರು ಬೆಳೆದ ಹಾಗೆ ತೊಟ್ಟಿಯಲ್ಲಿ ಬೆಳೆಯುವುದು. ಓಡಾಡುವ, ಕೂಗುವ, ಕಣ್ಣು ಪಿಳಿಪಿಳಿ ಬಿಡುವ ನಿಜವಾದ ಕೋಳಿಯನ್ನು ನೀವು ತಿಂದಿರಿ ಅನ್ನುವುದನ್ನು ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ಶವರ್ಮ ಈಗಲೂ ಇದೆ, ಹೆಸರು ಮಾತ್ರ ಗಿರ್ಕಿ, ಕೋಲಿನ ಮೇಲೆ ಗಿರಗಿರ ತಿರುಗುವುದಕ್ಕೆ. ನನಗೂ ಗಿರ್ಕಿ ಅಂದರೆ ಪ್ರಾಣ. ಶನಿವಾರ ಬಿಟ್ಟು ಬೇರೆ ವಾರಗಳಲ್ಲಿ. ಸುಳ್ಳು ಯಾಕೆ ಹೇಳಲಿ, ದನಿಮನೆಯಲ್ಲಿ ಇಲಿಯಾಸಣ್ಣನ ವಿಷಯ ಕೇಳುವಾಗ ಒಂದು ಕಡೆ ಎದೆ ಹೊಡೆದುಕೊಳ್ಳುತ್ತಿತ್ತು, ಇನ್ನೊಂದು ಕಡೆ ಬಾಯಲ್ಲಿ ನೀರೂರುತ್ತಿತ್ತು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆಗಲಿಲ್ಲ, ಯಾಕೆಂದರೆ ನನಗೊಬ್ಬಳೇ ಮಗಳು, ಬೆಳ್ಳಿ. ನಾಲ್ಕು ವರ್ಷದ ಹಿಂದೆ ಅವಳು ಏಳು ತಿಂಗಳ ಬಸುರಿ, ತವರಿಗೆ ಬಂದಿದ್ದಳು. ಒಂದು ಶನಿವಾರ ಮುಸ್ಸಂಜೆ ಎಲ್ಲರೂ ಮಹಡಿಯಲ್ಲಿ ಕೂತಿದ್ದಾಗ ಅವಳೊಬ್ಬಳು ಕಾಣಲಿಲ್ಲ. ಹುಡುಕಿಕೊಂಡು ಕೆಳಗೆ ಬಂದರೆ ಹಿತ್ತಲ ಕಟ್ಟೆಯ ಮೇಲೆ ಕೂತು ಗಿರ್ಕಿ ತಿನ್ನುತ್ತಿದ್ದಾಳೆ, ಗಲ್ಲಕ್ಕೆಲ್ಲ ಬೆಳ್ಳುಳ್ಳಿ ಬೆಣ್ಣೆ ಮೆತ್ತಿಕೊಂಡು. ನಾನು ಬಾಯಿಗೆ ಬಂದಂತೆ ಬೈದೆ. ಅವಳು ತಿನ್ನುವುದನ್ನು ನಿಲ್ಲಿಸಲೂ ಇಲ್ಲ. "ಬಸುರಿ ಹೊಟ್ಟೆಗೆ ವಾರ ಗೊತ್ತಾಗಲ್ಲ ಕಣವ್ವ" ಅಂದಳು. ನಾನು ಅವಳ ಕೈಯಿಂದ ಅದನ್ನು ಕಿತ್ತು ನಾಲೆಗೆ ಎಸೆದೆ. "ಮಂಗಳಜ್ಜಿ ಹೆಸರು ಕೆಡಿಸಿದೋಳು ಈ ಹೊಸ್ತಿಲು ತುಳೀಬೇಡ" ಅಂದೆ. ಅವಳು ಆ ಹೊತ್ತೇ ಚೀಲ ತೆಗೆದುಕೊಂಡು ಹೋದಳು. ಮಗು ಹುಟ್ಟಿತು ಅನ್ನುವ ಸುದ್ದಿ ಬೇರೆಯವರ ಬಾಯಿಂದ ಬಂತು. ನಾನು ಹೋಗಲಿಲ್ಲ. ಮಂಗಳಜ್ಜಿಯ ವಂಶದ ಹಿರಿಯಳು ಮಣಿಯಬಾರದು ಅಂತ ಪಟದ ಮುಂದೆ ಕೂತು ನನಗೆ ನಾನೇ ಹೇಳಿಕೊಂಡೆ.

ನಿಮ್ಮ ಒಂಬತ್ತನೆಯ ದನಿಯಲ್ಲಿ ನೀವು ಏನು ಹೇಳಿದ್ದೀರಿ ಗೊತ್ತೇ? "ಏನ್ ಮಾಡ್ಲೇ ಪದ್ದೀ, ಹಾಳಾದ್ ನಾಲ್ಗೆಗೆ ವಾರ ಗೊತ್ತಾಗಲ್ವಲ್ಲೇ." ಅದನ್ನು ಕೇಳಿ ನಾನು ಆ ಕೋಣೆಯಲ್ಲಿ ಕೂಗಿಬಿಟ್ಟೆ. ಏನಾಯಿತೋ ಅಂತ ದನಿಮನೆಯ ಹೆಂಗಸು ಬಾಗಿಲು ತೆಗೆದುಕೊಂಡು ಬಂದಳು.

ನಿನ್ನೆ ಬಿಸಿಲು ಇಳಿಯುತ್ತಲೇ ಕೆರಗೋಡಿನ ಬೆಳ್ಳಿಯ ಮನೆಗೆ ಹೋದೆ. ನಿಮ್ಮ ದನಿಗಳನ್ನು ಜೊತೆಗೆ ಒಯ್ದಿದ್ದೆ. ನನ್ನ ತಪ್ಪಲ್ಲ, ಅಜ್ಜಿಯದ್ದು ಅಂತ ತೋರಿಸುವುದು ನನ್ನ ಲೆಕ್ಕಾಚಾರ, ನಿಮ್ಮ ಮುಂದೆ ಮುಚ್ಚಿಡುವುದಿಲ್ಲ. ಬಾಗಿಲಲ್ಲಿ ಮೂರೂವರೆ ವರ್ಷದ ಒಂದು ಹೆಣ್ಣುಮಗು ನಿಂತಿತ್ತು. ನಾನು ಯಾರು ಅಂತ ಅದಕ್ಕೆ ಗೊತ್ತಿಲ್ಲ. "ಊಟ ಆಯ್ತಾ?" ಅಂತ ಕೇಳಿತು. ಬಂದವರನ್ನು ಮೊದಲು ಹಾಗೆ ಕೇಳಬೇಕು ಅಂತ ಬೆಳ್ಳಿ ಕಲಿಸಿದ್ದಾಳೆ. ಹೆಸರೇನು ಕಂದ ಅಂದೆ. ಮಂಗಳ ಅಂದಿತು.

ಬೆಳ್ಳಿ ನನ್ನನ್ನು ಒಳಗೆ ಕರೆದು ಕೂರಿಸಿ ನೀರು ಕೊಟ್ಟಳು. ಹದಿನಾರು ದನಿಗಳನ್ನೂ ಕೂತು ಕೇಳಿದಳು. ನಗುತ್ತಾಳೆ ಅಂದುಕೊಂಡಿದ್ದೆ, ನಗಲಿಲ್ಲ. "ನೋಡಿದ್ಯಾ, ಅಜ್ಜೀನೂ ತಿಂತಿದ್ರು ಕಣೇ, ನಿಂದೇನೂ ತಪ್ಪಿಲ್ಲ" ಅಂದೆ. ಅವಳು ನನ್ನ ಮುಖವನ್ನೇ ನೋಡಿದಳು. "ಅಜ್ಜಿ ತಿಂದಿದ್ರೂ ಅಷ್ಟೇ, ತಿನ್ನದೇ ಇದ್ರೂ ಅಷ್ಟೇ ಅವ್ವ. ನಂಗೆ ಹಸಿವಾಗಿತ್ತು. ನೀನು ಕಿತ್ಕಂಡೆ" ಅಂದಳು.

ಅಜ್ಜೀ, ನಿಮ್ಮ ಶವರ್ಮದಿಂದ ಆದ ಆಘಾತ ಇದರ ಮುಂದೆ ಏನೂ ಅಲ್ಲ. ಅರವತ್ತೊಂದು ವರ್ಷಕ್ಕೆ ನನ್ನ ಮುಖಕ್ಕೆ ಯಾರೂ ಹಾಗೆ ಹೊಡೆದಿರಲಿಲ್ಲ, ಅದೂ ದನಿ ಏರಿಸದೆ. ಎದ್ದು ಬಂದೆ. ಬರುವಾಗ ಶನಿವಾರ ಬಾ ಅಂದೆ. ಅವಳು ನಾನು ಕುಡಿದಿಟ್ಟ ಲೋಟ ಎತ್ತಿಕೊಂಡು ಒಳಗೆ ಹೋದಳು.

ಮನೆಗೆ ಬಂದು ನಿಮ್ಮ ಕೊನೆಯ ದನಿಯನ್ನು ಇನ್ನೊಮ್ಮೆ ಹಾಕಿಕೊಂಡೆ. ದನಿಮನೆಯಲ್ಲಿ ಗಾಬರಿಗೆ, ಬೆಳ್ಳಿಯ ಮನೆಯಲ್ಲಿ ಅವಳ ಮುಖ ನೋಡುವ ಗಡಿಬಿಡಿಗೆ, ಅದು ಕಿವಿಗೆ ಬಿದ್ದೂ ಬೀಳದಂತಾಗಿತ್ತು. ನಿಮ್ಮ ಸೊಸೆ ಶೈಲಾಳ ವಿಷಯ. ಮದುವೆಯಾಗಿ ಬಂದು ನಾಲ್ಕು ತಿಂಗಳಾದ ಹುಡುಗಿ. "ಶೈಲಾ ಪಾಪ ತಟ್ಟೆ ಹಿಡ್ಕಂಡ್ ಬಂದ್ಲು. ಬ್ಯಾಡ ಕಣವ್ವ ಅಂದೆ. ನಾನು ಶನಿವಾರ ಉಪವಾಸ ಅಂತ ಅವ್ಳೇ ಬೀದೀಗೆಲ್ಲ ಹೇಳ್ಕಂಡ್ ಬಂದೌಳೆ. ಈಗ ಅಲ್ಲ ಅನ್ನಕ್ಕಾಯ್ತದಾ? ಈ ವಾರದಿಂದ ಅವ್ಳೂ ನನ್ ಜೊತೆ ಉಪವಾಸ ಅಂತೆ ಕಣೇ. ಪಕ್ಕದಲ್ಲೇ ಕೂತಿದ್ಲು, ಅವಳ ಹೊಟ್ಟೆ ಗುರ್ ಅನ್ನೋದು ನಂಗೇ ಕೇಳ್ತಿತ್ತು. ಏನ್ ಹೇಳ್ಲಿ ಹೇಳು." ಈ ಸಲ ನೀವು ನಗಲಿಲ್ಲ.

ಅಲ್ಲಿಂದಲೇ ಶುರುವಾದದ್ದು ಅಜ್ಜಿ. ನೀವು ತಿಂದದ್ದರಿಂದಲ್ಲ. ಹೊಟ್ಟೆ ತುಂಬಿದವರು ಸುಮ್ಮನೆ ಕೂತದ್ದರಿಂದ, ಪಕ್ಕದಲ್ಲಿ ಹಸಿದವಳು ಕೂತಿರುವಾಗ. ನೀವು ನಾಚಿಕೆಗೆ ಸುಮ್ಮನಿದ್ದಿರಿ, ನಾನು ಜಂಬಕ್ಕೆ ಕಿತ್ತುಕೊಂಡೆ. ನಿಮಗಿಂತ ನಾನೇ ಕೆಟ್ಟವಳು.

ನಾಳೆ ಇನ್ನೂರು ಜನರ ಮುಂದೆ ನಿಮ್ಮ ದನಿಗಳನ್ನು ಹಾಕುತ್ತೇನೆ, ನಗು ಸಮೇತ. ನಿಮ್ಮ ಮಾನ ಹೋಗುತ್ತದೆ, ನನ್ನದೂ ಹೋಗುತ್ತದೆ. ಹಳಬರು ಎದ್ದು ಹೋಗಬಹುದು, ಹೋಗಲಿ. ಲವಂಗ ಹಂಚುವುದಿಲ್ಲ, ತಟ್ಟೆ ಹಾಕಿಸುತ್ತೇನೆ. ಬೆಳ್ಳಿಗೂ ಮಗುವಿಗೂ ಎರಡು ತಟ್ಟೆ ನನ್ನ ಪಕ್ಕದಲ್ಲೇ ಇರುತ್ತವೆ. ಬರುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ.

ಈ ಕಾಗದ ನಿಮ್ಮ ಆ ಕೊನೆಯ ದನಿಯ ಮರುದಿನ ನಿಮಗೆ ತಲುಪುತ್ತದೆ. ನಿಮ್ಮಲ್ಲಿ ಒಂದೇ ಬೇಡಿಕೆ. ತಿನ್ನುವುದನ್ನು ಬಿಡಿ ಅಂತ ನಾನು ಹೇಳುವುದಿಲ್ಲ, ಹೇಳಿದರೂ ನೀವು ಬಿಡುವ ಪೈಕಿ ಅಲ್ಲ, ನಿಮ್ಮ ದನಿಯಲ್ಲೇ ಗೊತ್ತಾಗುತ್ತದೆ. ಮುಂದಿನ ಶನಿವಾರ ನೂರಡಿ ರಸ್ತೆಯ ಇಲಿಯಾಸಣ್ಣನ ಅಂಗಡಿಗೆ ಹೋದಾಗ ಎಂದಿನಂತೆ ಎರಡು ಹೇಳಿ. ಒಂದನ್ನು ಅಲ್ಲೇ ನಿಂತು ತಿನ್ನಿ. ಇನ್ನೊಂದನ್ನು ಆ ಫಾಲ್ಸ್ ಸೀರೆಯ ಚೀಲದಲ್ಲಿ ಬಿಸಿ ಆರುವ ಮುಂಚೆ ಮನೆಗೆ ತನ್ನಿ. ಶೈಲಾಳನ್ನು ಮಹಡಿಗೆ ಕರೆದು ಅವಳ ಕೈಗೆ ಕೊಡಿ. ನೀವು ಅಲ್ಲಿ ಏನು ಮಾಡಿದರೂ ನಮ್ಮ ಕಡೆ ಒಂದು ಕೂದಲೂ ಅಲ್ಲಾಡುವುದಿಲ್ಲ ಅಂತ ಹಿಂದಂಚೆಯವರು ಮೊದಲೇ ಬರೆಸಿಕೊಳ್ಳುತ್ತಾರೆ. ನನ್ನ ನಾಲ್ಕು ವರ್ಷ ವಾಪಸು ಬರುವುದಿಲ್ಲ, ನನಗೆ ತಿಳಿದಿದೆ.

ಆದರೂ ಕೊಡಿ. ಆ ಹುಡುಗಿಗೆ ಹಸಿವಾಗಿದೆ.

ಇಂತಿ,
ಚಿಕ್ಕತಾಯಿ