ಅಪ್ಪನ ಹೆಲ್ಮೆಟ್‌ಗೆ ಮಗಳ ಸಹಿ

ಅಪ್ಪಾ,

ನಿಮ್ಮ ಕಾರ್ಖಾನೆಯ ಹೊಸ ಹೆಲ್ಮೆಟ್‌ಗಳು ಇವತ್ತು ನಮ್ಮ ಪರೀಕ್ಷಾಲಯದಲ್ಲಿ ನನ್ನ ಕೈಗೇ ಬಂದವು. ಪೆಟ್ಟು ಚೆನ್ನಾಗಿಯೇ ತಡೆದವು. ಎಳೆದು ನೋಡಿದಾಗ ಮಾತ್ರ ಗದ್ದದ ಪಟ್ಟಿ ರಿವೆಟ್ ಸಮೇತ ಕಿತ್ತುಬಂತು. ನನ್ನ ಕೈ ತಪ್ಪೇನೋ ಅಂತ ಇನ್ನೆರಡನ್ನು ಸಹೋದ್ಯೋಗಿಯಿಂದ ಎಳೆಸಿದೆ, ಅವೂ ಕಿತ್ತುಬಂದವು. "ನಿಮ್ಮ ತಂದೆಯವರದಲ್ವಾ, ಸಹಿ ನಾನು ಹಾಕ್ತೀನಿ ಬಿಡಿ" ಅಂದರು ಅವರು. ಬೇಡ ಅಂದೆ. ‘ಪಾಸಾಗಿಲ್ಲ’ ಅಂತ ಬರೆದು ನಾನೇ ಸಹಿ ಹಾಕಿದೆ.

ಬೈಯುವುದಿದ್ದರೆ ಭಾನುವಾರ ಬರುತ್ತೇನೆ, ಎದುರಿಗೇ ಬೈದುಬಿಡಿ. ಆಮೇಲೆ ಇಬ್ಬರೂ ಕೂತು ರಿವೆಟ್ ಬದಲಿಸೋಣ.

ಮೊದಲು ತಯಾರಾದದ್ದನ್ನು ಅಮ್ಮನಿಗೆ ಕೊಟ್ಟೆ ಅಂತ ಹೆಮ್ಮೆಯಿಂದ ಹೇಳಿದ್ದಿರಿ. ಅದನ್ನು ಈಗಲೇ ತೆಗೆದಿಡಿ. ಹೆಲ್ಮೆಟ್‌ಗಳನ್ನು ತಂದಿದ್ದ ನಿಮ್ಮ ಡ್ರೈವರ್ ಕೈಲಿ ಈ ಕಾಗದದ ಜೊತೆ ಅಮ್ಮನಿಗೊಂದು ಹೆಲ್ಮೆಟ್ ಕಳಿಸಿದ್ದೇನೆ. ಬೇರೆ ಕಂಪನಿಯದು. ಸ್ವಲ್ಪ ದಿನ ಸಹಿಸಿಕೊಳ್ಳಿ.

ನಿಮ್ಮ
ಮಗಳು