ಹಗೇವಿಗಿಳಿಸಿದ ಪುಂಡಿ

ಕಮಲಾಪುರ
೮ ಜನವರಿ ೨೦೨೫, ಬುಧವಾರ

ಪ್ರೀತಿಯ ಮಗ ಸುನೀಲಕುಮಾರನಿಗೆ ಅಪ್ಪನ ಮನಸಾರೆ ಆಶೀರ್ವಾದ.

ಹೇಗಿದ್ದೀಯಪ್ಪಾ? ಆ ಹಿಮದ ಗುಡ್ಡದ ಮೇಲೆ ಉಸಿರಾಡಲು ಗಾಳಿಯೇ ಸಾಲದು ಎಂದು ಹಿಂದಿನ ಪತ್ರದಲ್ಲಿ ನೀನು ಬರೆದಿದ್ದೆ. ಅದನ್ನು ಓದಿದಾಗಿನಿಂದ ನಿನ್ನ ಹೆಂಡತಿ ವಿದ್ಯಾವತಿ ದಿನಾ ಸಂಜೆ ನಕಾಶೆ ಹರಡಿಕೊಂಡು ಕೂಡುತ್ತಾಳೆ. ಮಾರ್ಚಿನವರೆಗೆ ನಿನ್ನ ಪಹರೆಯ ಜಾಗಕ್ಕೆ ಫೋನು ಹತ್ತುವುದಿಲ್ಲವಲ್ಲ, ಅಲ್ಲಿಯತನಕ ಈ ಮುದುಕನ ಅಕ್ಷರವೇ ನಿನಗೆ ಗತಿ. ಬೈದುಕೊಂಡಾದರೂ ಪೂರ್ತಿ ಓದು. ಹೊಟ್ಟೆತುಂಬ ಉಣ್ಣು, ಕಿವಿಗೆ ಬಟ್ಟೆ ಕಟ್ಟಿಕೊ. ನಿನ್ನವ್ವ ಮೊಣಕಾಲು ತೋರಿಸಲು ಕಲಬುರಗಿಗೆ ಹೋದವಳು ಖೂಬಾ ಪ್ಲಾಟಿನಲ್ಲಿ ನಿನ್ನ ಅಕ್ಕನ ಮನೆಯಲ್ಲೇ ಉಳಿದಿದ್ದಾಳೆ. ಇಲ್ಲಿ ನಾನು, ನಿನ್ನ ಹೆಂಡತಿ ಇಬ್ಬರೇ. ಎಳ್ಳಮಾಸಿಗೆ ಹೊಲಕ್ಕೆ ಹೋಗಿ ಭಜ್ಜಿ, ರೊಟ್ಟಿ ಉಂಡು ಬಂದೆವು. ನಿನ್ನ ಪಾಲಿನದನ್ನೂ ನಾನೇ ತಿಂದೆ, ಸಿಟ್ಟಾಗಬೇಡ.

ಈಗ ದೊಡ್ಡ ಸುದ್ದಿ. ತೊಗರಿ ಸಾಲಿನ ನಡುವೆ ಪಲ್ಯಕ್ಕೆಂದು ಹಾಕುತ್ತಿದ್ದ ಪುಂಡಿಯನ್ನು ಈ ಸಲ ನಾರಿಗೆಂದೇ ಒಂದು ಎಕರೆ ಬಿತ್ತಿದ್ದೆನಲ್ಲ, ಅದು ಆಳೆತ್ತರ ಮೀರಿ ಬೆಳೆಯಿತು. ಕಲಬುರಗಿಯ ಕೋಟೆಯ ಹತ್ತಿರ ಅಫ್ರೀನ್ ಎಂಬ ಹುಡುಗಿ ಮಗ್ಗ ಇಟ್ಟಿದ್ದಾಳೆ. ಪುಂಡಿ ನಾರಿಗೆ ಹತ್ತಿ ಬೆರೆಸಿ ಬಟ್ಟೆ ನೇಯುತ್ತಾಳೆ. ಮೊದಲು ನಾಲ್ಕು ಕಡ್ಡಿ ಬಕೆಟ್ಟಿನಲ್ಲಿ ಕೊಳೆಸಿ ನಾನು ಒಯ್ದ ಎಳೆಯನ್ನು ಕೆನ್ನೆಗೆ ಒತ್ತಿಕೊಂಡು, “ಕಾಕಾ, ಭಾಳ ನರಮ್ ಅದ. ಇಂಥಾದ್ದು ಎಷ್ಟ್ ಇದ್ರೂ ತರ್ರಿ” ಅಂದಳು. ಹಗ್ಗ ಹೊಸೆಯಲೂ ಯಾರಿಗೂ ಬೇಡವಾಗಿದ್ದ ನಮ್ಮ ಪುಂಡಿ ಜನರ ಮೈಮೇಲೆ ಬಟ್ಟೆಯಾಗುತ್ತದೆ ಎಂದರೆ ಹೇಗಾಗಬೇಡ ನನಗೆ! ಬಸ್ಸಿನಲ್ಲಿ ಬರುವಾಗ ಕಂಡಕ್ಟರನಿಗೂ ಹೇಳಿಕೊಂಡು ಬಂದೆ.

ನಾರು ಬಿಡಬೇಕಾದರೆ ಪುಂಡಿ ಕಟ್ಟಿಗೆ ನೀರಿನಲ್ಲಿ ಕೊಳೆಯಬೇಕು. ಕೊಳೆತರೆ ನಾತ ಬರುತ್ತದೆ. ಹಳ್ಳದಲ್ಲಿ ಹಾಕೋಣವೆಂದರೆ ದನ ಕಾಯುವವರು ಜಗಳಕ್ಕೆ ಬಂದರು. ಹಿತ್ತಲಲ್ಲಿ ಹಾಕಿದರೆ ಓಣಿಯವರು ಬಿಡುವುದಿಲ್ಲ. ಆಗ ನೆನಪಾದದ್ದು ನಮ್ಮ ಹಗೇವು. ಹಿಂದೆ ಜೋಳ ತುಂಬಿಡುತ್ತಿದ್ದ ಆ ನೆಲದೊಳಗಿನ ಕಣಜ ಐವತ್ತು ವರ್ಷದಿಂದ ಬರಿದೇ ಬಿದ್ದಿತ್ತು. ಒಳಗೆ ಸಿಮೆಂಟು ಮೆತ್ತಿಸಿ, ಮೇಲೆ ಫರಸಿ ಕಲ್ಲು ಹಾಸಿ, ಒಬ್ಬರು ಇಳಿಯುವಷ್ಟು ಬಾಯಿ ಬಿಟ್ಟು ಮುಚ್ಚಳ ಮಾಡಿಸಿದೆ. ಹೊಸ್ತಿಲ ಹುಣ್ಣಿಮೆಯ ಮರುದಿನ ಕಟ್ಟುಗಳನ್ನು ಇಳಿಸಿ, ಬಂಡೆ ಹೇರಿ, ನೀರು ಬಿಟ್ಟು ಮುಚ್ಚಿದೆವು. ನಾತ ಚೂರೂ ಹೊರಗೆ ಬರಲಿಲ್ಲ. ಹಿತ್ತಲಲ್ಲಿ ಏನಿದೆ ಎಂದು ಓಣಿಯವರಿಗೆ ಗೊತ್ತೇ ಆಗಲಿಲ್ಲ.

ಮೊನ್ನೆ ಮುಚ್ಚಳ ಸರಿಸಿದೆವು. ನಮ್ಮ ಆಳು ಭೀಮಶಾ ಕೊಕ್ಕೆ ಹಾಕಿ ಒಂದು ಕಟ್ಟಿಗೆ ಎಳೆದ. ಬಾಳೆಹಣ್ಣಿನ ಸಿಪ್ಪೆ ಸುಲಿದಂತೆ ನಾರು ಬಿಟ್ಟುಬಂತು! ಆದರೆ ಎರಡನೆಯ ಸಲ ಬಗ್ಗಿದವನು ತಲೆ ತಿರುಗಿ ಅಲ್ಲೇ ಕುಸಿದ, ವಾಂತಿ ಮಾಡಿಕೊಂಡ. ಪಿತ್ತವೆಂದು ಲಿಂಬೆ ಪಾನಕ ಕುಡಿಸಿದೆ. ಅವನ ಹೆಂಡತಿ ಮರೆಮ್ಮ ಓಡಿಬಂದು, “ಸಾಹುಕಾರ್ರ, ಬಂಗಾರ ಕೊಟ್ರೂ ಅವ ಇನ್ನ ಒಳಗ ಇಳಿಯಂಗಿಲ್ರಿ” ಎಂದು ಗಂಡನ ಕೈ ಹಿಡಿದು ಎಳೆದುಕೊಂಡು ಹೋದಳು. ಸಂಜೆ ಪೂಜೆಗೆ ಕೂತು ನೋಡುತ್ತೇನೆ, ನನ್ನ ಕೊರಳಿನ ಬೆಳ್ಳಿಯ ಕರಡಿಗೆ ಇದ್ದಿಲಿನಂತೆ ಕಪ್ಪಾಗಿದೆ. ಲಿಂಗದ ಕರಡಿಗೆ ಕಪ್ಪಾಗುವುದೆಂದರೆ ಏನು ಸಣ್ಣ ಮಾತೆ? ಯಾರದೋ ಕಣ್ಣು ಬಿದ್ದಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿಸಿದೆ.

ನಿನ್ನ ಹೆಂಡತಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಮನೆಯಲ್ಲಿ ನಾನೇ ಅವಳ ಕಡೇ ಬೆಂಚಿನ ಹುಡುಗ. “ಯಾರ ಕಣ್ಣೂ ಅಲ್ಲರೀ ಮಾವಾರ, ಕೊಳೆತ ನೀರಿನ ಕೆಟ್ಟ ಗಾಳಿಗಿ ಬೆಳ್ಳಿ ಕರ್ರಗಾಗ್ಯದ. ಅದ್ರಾಗ ಇಳದವರು ಹೊಳ್ಳಿ ಬರಂಗಿಲ್ರಿ” ಅಂದಳು. ಕೆಟ್ಟ ಗಾಳಿಯ ವಿಷಯ ನನಗೆ ಹೇಳಬೇಕೆ? ನಮ್ಮ ಕಾಕಾ ಸತ್ತದ್ದೇ ಈ ಹಗೇವಿನಲ್ಲಿ. ಜೋಳ ತೆಗೆಯಲು ಇಳಿದವನು ಮೇಲೆ ಬರಲಿಲ್ಲ. ಆಮೇಲೆ ಕಂದೀಲು ಇಳಿಬಿಟ್ಟರೆ ಅರ್ಧಕ್ಕೇ ಆರಿಹೋಯಿತು. ನಾನು ಕಣ್ಣಾರೆ ಕಂಡಿದ್ದೇನೆ. ಅಂದಿನಿಂದ ಕಂದೀಲು ಇಳಿಸದೆ ಈ ಓಣಿಯಲ್ಲಿ ಯಾರೂ ಹಗೇವಿಗೆ ಕಾಲಿಟ್ಟವರಲ್ಲ. ನಿನ್ನೆ ಪಂಪು ಹಚ್ಚಿ ನೀರು ಹೊರಹಾಕಿದ ಮೇಲೆ ನಾನೂ ಇಳಿಸಿದೆ. ಆರಲಿಲ್ಲ, ತಳ ಮುಟ್ಟುವವರೆಗೂ ಚೆನ್ನಾಗಿ ಉರಿಯಿತು. ಅದಕ್ಕೂ ಅವಳ ಬಳಿ ಉತ್ತರವಿದೆ. “ಕಂದೀಲು ಆರ್ಸೂ ಗಾಳಿ ಬ್ಯಾರೆರೀ, ಇದು ಬ್ಯಾರೆ. ಇದು ದೀಪಕ್ಕ ಏನೂ ಮಾಡಂಗಿಲ್ಲ, ಮನಷ್ಯಾರ್ನ ಕೆಡವತದ.” ಕಾಕಾನ ಹೆಣ ಕಂಡ ನನಗಿಂತ ಅವಳ ಪುಸ್ತಕಕ್ಕೆ ಹೆಚ್ಚು ಗೊತ್ತಂತೆ.

ಫರಸಿ ಪೂರ್ತಿ ಒಡೆದು, ವಾರಗಟ್ಟಲೆ ಗಾಳಿಗೆ ಬಿಟ್ಟು ಆಮೇಲೆ ನೋಡೋಣ ಎನ್ನುತ್ತಾಳೆ. ವಾರ ಬಿಟ್ಟರೆ ನಾರು ಎಲ್ಲಿರುತ್ತದೆ? ಹದ ಬಂದದ್ದನ್ನು ಇನ್ನೆರಡು ದಿನ ಬಿಟ್ಟರೆ ಕೈಯಲ್ಲಿ ಹಿಡಿದರೆ ಹಿಟ್ಟಾಗುತ್ತದೆ. ಕಟ್ಟುಗಳು ಬಂಡೆಯ ಅಡಿಗೆ ಸಿಕ್ಕಿಕೊಂಡಿವೆ, ಕೊಕ್ಕೆಗೆ ಬರುವುದಿಲ್ಲ, ಯಾರಾದರೂ ಇಳಿಯಲೇಬೇಕು. ಇಂದು ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಅವಳೇ ಹಾರೆ ತಂದು ಫರಸಿಗೆ ಎರಡು ಏಟು ಹಾಕಿಬಿಟ್ಟಳು, ನೋಡು ಧೈರ್ಯ! ಹಾರೆ ಕಸಿದು ಕೋಣೆಯಲ್ಲಿಟ್ಟು ಬೀಗ ಹಾಕಿದ್ದೇನೆ. ನಿನ್ನವ್ವನಿಗೆ ಫೋನು ಮಾಡಕೂಡದೆಂದೂ ತಾಕೀತು ಮಾಡಿದೆ. ಅವಳು ಕೇಳಿದರೆ ಕುಂಟುತ್ತಲೇ ಬಸ್ಸು ಹತ್ತಿ ಬರುವವಳು.

ನಿನ್ನ ಹತ್ತಿರ ಮುಚ್ಚಿಡುವುದಿಲ್ಲ. ಮಧ್ಯಾಹ್ನ ಒಬ್ಬನೇ ಮುಚ್ಚಳ ಸರಿಸಿ ಬಗ್ಗಿ ನೋಡಿದಾಗ ನನಗೂ ಭಯವಾಯಿತು. ಕೆಳಗೆ ಕಪ್ಪು ಕೆಸರು, ಅದರಲ್ಲಿ ಗುಳ್ಳೆ ಏಳುತ್ತಿದ್ದವು. ಕಣ್ಣು ಉರಿದವು, ಮುಚ್ಚಿಬಿಟ್ಟೆ. ಆದರೆ ಆಳು ಇಳಿಯುವುದಿಲ್ಲ, ಸೊಸೆ ಬಿಡುವುದಿಲ್ಲ ಎಂದು ಬೆಳೆದದ್ದನ್ನು ಕೊಳೆಯಲು ಬಿಟ್ಟರೆ ಅಫ್ರೀನಳಿಗೆ ಯಾವ ಮುಖ ತೋರಿಸಲಿ? ನಾಳೆ ಬೆಳಿಗ್ಗೆ ನಾನೇ ಇಳಿಯುತ್ತೇನೆ. ನಿನಗೆ ಗೊತ್ತಲ್ಲ, ನಾನು ಒಂದು ಸಲ ಅಂದರೆ ಮುಗಿಯಿತು.

ಆ ಬಸವಣ್ಣ ನಿನ್ನನ್ನು ಚಳಿಯಿಂದ ಕಾಯಲಿ. ನಿನ್ನ ಜೊತೆಗಿರುವ ಹುಡುಗರಿಗೂ ಅವರವರ ಅಪ್ಪಂದಿರ ಪರವಾಗಿ ನನ್ನದೊಂದು ಆಶೀರ್ವಾದ ಹೇಳು.

ನಿನ್ನ ಅಪ್ಪ,
ಅಣವೀರಪ್ಪ

ತಾ.ಕ.: ಲಕೋಟೆ ಅಂಟಿಸುವಾಗ ವಿದ್ಯಾವತಿ ಬಾಗಿಲಲ್ಲಿ ಬಂದು ನಿಂತಳು. “ನೀವು ಇಳಿಯೂದೇ ಖರೆ ಇದ್ರ, ನಿಮ್ಗಿಂತ ಮೊದಲ ನಾ ಇಳೀತೀನಿರೀ ಮಾವಾರ” ಅಂದಳು. ನನ್ನನ್ನು ಹೆದರಿಸಿ ಹಿಂದೆ ಸರಿಸುವ ಉಪಾಯ, ನನಗೆ ತಿಳಿಯದೆ? ನಾನೂ ಬಿಡಲಿಲ್ಲ. “ಆಗಲಿ ತಾಯಿ, ಬಾಯಿ ಸಣ್ಣದದ, ನೀ ಸಣ್ಣಕಿ ಇದ್ದಿ. ಹಗ್ಗ ನಾ ಹಿಡೀತೀನಿ” ಅಂದೆ. ಆಮೇಲೆ, “ಹಂಗಾದ್ರ ನನಗ ಒಂದು ಮಾತು ಕೊಡ್ರಿ. ಹಗ್ಗ ಜಗ್ಗಿದ್ರೂ ನಾ ಬರ್ಲಿಲ್ಲಂದ್ರ ನೀವು ಇಳೀಬ್ಯಾಡ್ರಿ” ಎಂದು ಕೈ ಮುಂದೆ ಚಾಚಿದಳು. ಹುಚ್ಚಿ, ಬರದೆ ಎಲ್ಲಿಗೆ ಹೋಗುತ್ತಾಳೆ? ನಗುತ್ತಾ ಕೈಮೇಲೆ ಕೈಯಿಟ್ಟೆ. ಈಗ ಶಾಲೆಗೆ ಫೋನು ಮಾಡಿ ನಾಳೆಗೆ ರಜೆ ಕೇಳುತ್ತಿದ್ದಾಳೆ. ಗಂಡನನ್ನು ಒಂದು ಮಾತು ಕೇಳಬೇಕಿತ್ತು, ನಿಜ. ಆದರೆ ನೀನು ಬೇಡವೆಂದು ಬರೆದರೂ ಆ ಪತ್ರ ನಾಳೆಯೊಳಗೆ ಇಲ್ಲಿಗೆ ಮುಟ್ಟುವುದಿಲ್ಲವಲ್ಲ, ಅದಕ್ಕೇ ನಿನ್ನ ಪರವಾಗಿಯೂ ನಾನೇ ಹೂಂ ಅಂದುಬಿಟ್ಟೆ.