ಬಾಗಿಲಿಗೆ ಕಟ್ಟಿದ ತೋರಣ

೭ ಅಕ್ಟೋಬರ್ ೨೦೨೫, ಮಂಗಳವಾರ, ಡೊಂಬಿವಲಿ

ಅಂತೂ ಸೋರಿಕೆ ಸಿಕ್ಕಿತು. ಅಣುಸ್ಥಾವರದ ಕಂಟ್ರೋಲ್ ರೂಮಿಗೆ ನಾವು ಮಾಡಿಕೊಡುತ್ತಿರುವ ಬಾಗಿಲು ದಸರೆಗೆ ಮೊದಲು ಪರೀಕ್ಷೆಯಲ್ಲಿ ಪಾಸಾಗಿತ್ತು. ನಿನ್ನೆಯಿಂದ ಅದನ್ನು ಕೂರಿಸಿದ ನಮ್ಮ ಪರೀಕ್ಷಾ ಕೋಣೆಯೊಳಗೆ ಗಾಳಿಯ ಒತ್ತಡ ಉಳಿಯುತ್ತಲೇ ಇರಲಿಲ್ಲ. ಅವಘಡವಾದಾಗ ಹೊರಗಿನ ವಿಷಗಾಳಿಯನ್ನು ತಡೆಯುವುದು ಆ ಒತ್ತಡವೇ. ಸೋರುತ್ತಿದೆ ಎಂದು ಮೀಟರು ಹೇಳುತ್ತಿತ್ತು, ಎಲ್ಲಿ ಎಂದು ಹೇಳುತ್ತಿರಲಿಲ್ಲ.

ಕೊನೆಗೆ ನಮ್ಮ ಉಡುಪಿಯ ಫೋರ್‌ಮನ್ ಕಶ್ಯಪ, ದೇವರ ಪಟದ ಮುಂದಿನ ಊದುಬತ್ತಿ ತಂದು ಒಳಗಿನಿಂದ ಚೌಕಟ್ಟಿನ ಸುತ್ತ ಹಿಡಿದರು. ಮೇಲುಗಡೆ ಹೊಗೆ ದಾರದ ಹಾಗೆ ಎಳೆದುಕೊಂಡು ಹೊರಗೆ ಹೋಯಿತು. ಅಲ್ಲಿ ಎರಡು ಸ್ಕ್ರೂ ತೂತು.

“ಯಾರು ಕೊರೆದದ್ದು ಇದನ್ನ?” ಎಂದು ರೇಗಿದೆ.

“ಆಯುಧಪೂಜೆಗೆ ಈ ಬಾಗಿಲಿಗೂ ತೋರಣ ಕಟ್ಲಿಕ್ಕೆ ಹೇಳಿದ್ದು ನೀವೇ ಅಲ್ವಾ ಮೇಡಂ?” ಎಂದರು, ಮೆತ್ತಗೆ.

ತೂತು ಬೆಸೆದು ಮುಚ್ಚಿದೆವು. ಆಮೇಲೆ ನಾಲ್ಕು ಗಂಟೆ ಮೀಟರಿನ ಮುಳ್ಳು ಕದಲಲಿಲ್ಲ. ಅದನ್ನೇ ನೋಡುತ್ತ ಕುಡಿದ ಚಹಾದ ರುಚಿ ಇನ್ನೂ ನಾಲಿಗೆಯ ಮೇಲಿದೆ.

ವರದಿಯಲ್ಲಿ ಸ್ಕ್ರೂ ತೂತು ಅಂತ ಬರೆದರೆ ಸಾಕು ಎಂದರು ಕಶ್ಯಪ. ನಾನು ತೋರಣ ಅಂತಲೇ ಬರೆದೆ, ಕಟ್ಟಿಸಿದವಳ ಹೆಸರನ್ನೂ ಹಾಕಿದೆ. ಆ ಬಾಗಿಲನ್ನು ನಂಬಿ ಯಾರೋ ಒಳಗೆ ಕೂರುತ್ತಾರಲ್ಲ.

ಮುಂದಿನ ದಸರೆಗೆ ಬಾಗಿಲಿಗೆ ಬರೀ ಕುಂಕುಮ.